ಗುಹೆ, ಲೇಣ, ಕಲ್ಮನೆ

ಟೊಳ್ಳಾದ ಎಡೆಗಳಿಗೆ ಕನ್ನಡದಲ್ಲಿ ಹೆಸರುಗಳ ಕೊರತೆಯಿಲ್ಲ. ಮರದ ಬೊಡ್ಡೆಯಲ್ಲಿರುವುದು ಪೊಟರೆ. ಇಲಿ ಹಾವುಗಳದು ಬಿಲ. ದವಸವನ್ನು ತುಂಬಿಡಲು ನೆಲದೊಳಗೆ ತೋಡಿದುದು ಹಗೇವು. ಬೆಟ್ಟದ ಒಡಲಲ್ಲಿರುವುದು ಗವಿ. ಈ ಟೊಳ್ಳು ಯಾವುದರಲ್ಲಿದೆ, ಯಾರಿಗಾಗಿ ಇದೆ ಎಂಬುದನ್ನು ಆಯಾ ಹೆಸರೇ ಕೇಳಿದವರಿಗೆ ತಿಳಿಸಿಬಿಡುತ್ತದೆ. ಆದರೆ ಸಂಸ್ಕೃತದಿಂದ ಬಂದು ಕನ್ನಡದಲ್ಲಿ ಬಹುಕಾಲದಿಂದ ನೆಲೆನಿಂತಿರುವ ‘ಗುಹೆ’ ಎಂಬ ಶಬ್ದಕ್ಕೆ ಈ ಕಟ್ಟುಪಾಡಿಲ್ಲ. ಹುಲಿ ಮಲಗುವುದೂ ಗುಹೆ, ಋಷಿ ತಪಸ್ಸು ಮಾಡುವುದೂ ಗುಹೆ. ನೂರಾರು ಶಿಲ್ಪಿಗಳು ವರ್ಷಗಟ್ಟಲೆ ಉಳಿಹಿಡಿದು ಕಂಬ, ಬೋದಿಗೆ, ತೊಲೆ, ಜಗಲಿಗಳ ಸಮೇತ ಕಡೆದು ನಿಲ್ಲಿಸಿದ ಬಾದಾಮಿಯ ಮಂಟಪಗಳೂ ಗುಹೆಗಳೇ. ಪಾಠದ ಪುಸ್ತಕಗಳೂ ಯಾತ್ರಿಕರ ಕೈಪಿಡಿಗಳೂ ಈ ಒಂದೇ ಮಾತನ್ನು ಎಲ್ಲಕ್ಕೂ ಸಲ್ಲಿಸುತ್ತಿವೆ. ಕಡೆದವರು ತಮ್ಮ ಕೆಲಸವನ್ನು ಈ ಹೆಸರಿನಿಂದಲೇ ಕರೆದರೆ? ಅವರು ಕಲ್ಲಿನ ಮೇಲೆಯೇ ಬರೆಸಿಟ್ಟಿರುವ ಮಾತುಗಳು ಉಳಿದಿರುವುದರಿಂದ, ಈ ಪ್ರಶ್ನೆಗೆ ಊಹೆಯಿಂದ ಉತ್ತರ ಹೇಳಬೇಕಾದ ಅಗತ್ಯವಿಲ್ಲ.

ಮೊದಲು ಶಬ್ದದ ಮೂಲವನ್ನು ನೋಡಬೇಕು. ‘ಗುಹೆ’ಯು ‘ಗುಹ್’ ಎಂಬ ಧಾತುವಿನಿಂದ ಹುಟ್ಟಿದುದು. ಆ ಧಾತುವಿಗೆ ಮುಚ್ಚು, ಮರೆಮಾಡು, ಬಚ್ಚಿಡು ಎಂದು ಅರ್ಥ. ಗೂಢ, ಗುಹ್ಯ, ನಿಗೂಢ ಎಂಬ ಬಳಕೆಯ ಮಾತುಗಳೂ, ಕುಬೇರನ ನಿಧಿಯನ್ನು ಕಾಯುವ ಗುಹ್ಯಕರ ಹೆಸರೂ ಇದೇ ಬೇರಿನ ಕವಲುಗಳು. ಋಗ್ವೇದದಲ್ಲಿ ‘ಗುಹಾ’ ಎಂಬುದು ಅನೇಕ ಕಡೆ ನಾಮಪದವೇ ಅಲ್ಲ. ‘ಮರೆಯಲ್ಲಿ’, ‘ಕಣ್ಣಿಗೆ ಬೀಳದಂತೆ’ ಎಂಬರ್ಥದ ಅವ್ಯಯವಾಗಿ ಬರುತ್ತದೆ. ಪಣಿಗಳು ಹಸುಗಳನ್ನು ಬಂಡೆಯ ಒಳಗೆ ಅಡಗಿಸಿಟ್ಟರೆಂಬ ಕಥೆಯಲ್ಲಿಯೂ ಮುಖ್ಯವಾದುದು ಅಡಗಿಸಿದ ಸಂಗತಿ, ಬಂಡೆಯ ಆಕಾರವಲ್ಲ. ಕಠ, ತೈತ್ತಿರೀಯ ಮೊದಲಾದ ಉಪನಿಷತ್ತುಗಳು ಪರತತ್ತ್ವವು ಗುಹೆಯಲ್ಲಿ ಇಡಲ್ಪಟ್ಟಿದೆ ಎನ್ನುವಾಗ ಹೇಳುವುದು ಹೃದಯವನ್ನು; ಅಲ್ಲಿಯೂ ಗುಹೆಯೆಂದರೆ ಹೊರಗಣ್ಣಿಗೆ ಕಾಣದ ಎಡೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಮಪ್ರಭು ತನ್ನ ವಚನಗಳಿಗೆ ‘ಗುಹೇಶ್ವರ’ ಎಂಬ ಅಂಕಿತವನ್ನು ಇಟ್ಟುಕೊಂಡನು. ನೆಲದೊಳಗೆ ಹುದುಗಿದ್ದ ಗುಡಿಯೊಂದರ ಬಾಗಿಲನ್ನು ತೆರೆದು, ಅಲ್ಲಿ ನಿಶ್ಚಲನಾಗಿ ಕುಳಿತಿದ್ದ ಅನಿಮಿಷಯ್ಯನ ಕೈಯಿಂದ ಲಿಂಗವನ್ನು ಪಡೆದ ಕಥೆಯನ್ನು ಹರಿಹರನು ಪ್ರಭುದೇವರ ರಗಳೆಯಲ್ಲಿ ಹೇಳಿದ್ದಾನೆ. ಉಪನಿಷತ್ತಿನ ಒಳಗುಹೆಯೂ ನೆಲದಡಿಯ ಕತ್ತಲೆಯೂ ಈ ಒಂದು ಅಂಕಿತದಲ್ಲಿ ಕೂಡಿದಂತಿವೆ.

ಅಮರಸಿಂಹನ ನಿಘಂಟು ಈ ವಿಷಯದಲ್ಲಿ ಗಮನಾರ್ಹವಾದೊಂದು ಎಲ್ಲೆಯನ್ನು ಹಾಕುತ್ತದೆ. ಶೈಲವರ್ಗದಲ್ಲಿ ಅವನು ದರಿ, ಕಂದರಗಳನ್ನು ಹೇಳಿದ ಮೇಲೆ ಗುಹೆಗೆ ಕೊಡುವ ಅರ್ಥ ‘ದೇವಖಾತಬಿಲ’, ಎಂದರೆ ದೇವರು ತೋಡಿದ ಬಿಲ. ಮನುಷ್ಯನ ಕೈ ಸೋಕದೆ ತಾನೇ ಆದ ಕೊಳಕ್ಕೆ ದೇವಖಾತವೆಂದು ಹೇಳುವ ವಾಡಿಕೆಯುಂಟು. ಅದರಂತೆ ಗುಹೆಯೂ ಸ್ವಭಾವಸಿದ್ಧವಾದ ಪೊಳ್ಳು. ಈ ಲೆಕ್ಕದಲ್ಲಿ ಶ್ರವಣಬೆಳಗೊಳದ ಚಂದ್ರಗಿರಿಯ ಮೇಲಿನ ಭದ್ರಬಾಹುವಿನ ಗುಹೆಗೆ ಆ ಹೆಸರು ಸರಿಯಾಗಿ ಒಪ್ಪುತ್ತದೆ. ಬಾದಾಮಿಯದಕ್ಕೆ ಒಪ್ಪುವುದಿಲ್ಲ, ಅದನ್ನು ತೋಡಿದವರು ದೇವರಲ್ಲ, ದೇವರಿಗಾಗಿ ತೋಡಿದ ಮನುಷ್ಯರು.

ಭಾರತದಲ್ಲಿ ಬಂಡೆಯನ್ನು ಕೊರೆದು ಮಾಡಿದ ಕೋಣೆಗಳಲ್ಲಿ ಕಾಲ ನಿಶ್ಚಿತವಾಗಿರುವ ಅತ್ಯಂತ ಹಳೆಯವು ಬಿಹಾರದಲ್ಲಿ ಗಯೆಯ ಉತ್ತರಕ್ಕಿರುವ ಬರಾಬರ್ ಬೆಟ್ಟದಲ್ಲಿವೆ. ಕ್ರಿ.ಪೂ. ೩ನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿಯು ಪಟ್ಟಾಭಿಷೇಕವಾದ ೧೨ ವರ್ಷಗಳ ಮೇಲೆ ಇವುಗಳಲ್ಲಿ ಎರಡನ್ನು ಆಜೀವಕರೆಂಬ ಸನ್ಯಾಸಿಗಳಿಗೆ ಕೊಟ್ಟನೆಂದು ಅಲ್ಲಿಯ ಬ್ರಾಹ್ಮೀ ಶಾಸನಗಳು ಹೇಳುತ್ತವೆ. ಅಶೋಕನೇ ಬೌದ್ಧನಾಗಿದ್ದರೂ ಈ ದಾನ ಬೌದ್ಧರಿಗಲ್ಲ. ಬುದ್ಧ ಮಹಾವೀರರ ಸಮಕಾಲೀನನಾದ ಮಕ್ಖಲಿ ಗೋಸಾಲನ ಅನುಯಾಯಿಗಳಿಗೆ. ಆ ಶಾಸನಗಳಲ್ಲಿ ಕೋಣೆಗೆ ಇರುವ ಹೆಸರು ‘ಕುಭಾ’; ಒಂದರ ಹೆಸರು ನಿಗೋಹಕುಭಾ, ಎಂದರೆ ಆಲದ ಮರದ ಕುಭಾ. ಈಗ ಜನರು ಅದನ್ನು ಸುದಾಮನ ಗುಹೆಯೆನ್ನುತ್ತಾರೆ.

ಸುದಾಮನ ಗುಹೆಯ ಒಳಗೆ ಕಾಲಿಟ್ಟವರಿಗೆ ಮೊದಲು ಕಾಣುವುದು ಗೋಡೆಯ ಹೊಳಪು. ಗಟ್ಟಿಯಾದ ಬೆಣಚುಕಲ್ಲನ್ನು ಕನ್ನಡಿಯಂತೆ ಮೆರುಗು ಕೊಟ್ಟು ತಿಕ್ಕಿದ್ದಾರೆ. ದೀಪವನ್ನು ಹಿಡಿದರೆ ಅದರ ಬಿಂಬ ಗೋಡೆಯಲ್ಲಿ ಮೂಡುತ್ತದೆ. ಆದರೆ ಶಬ್ದವಿಚಾರಕ್ಕೆ ಹೆಚ್ಚು ಉಪಯುಕ್ತವಾದ ಸಂಗತಿ ಒಳಗಡೆಯಿದೆ. ಉದ್ದವಾದ ಹೊರಕೋಣೆಯನ್ನು ದಾಟಿದರೆ ಕೊನೆಯಲ್ಲಿ ದುಂಡಾದ ಒಳಕೋಣೆಯೊಂದಿದೆ. ಆ ಒಳಕೋಣೆಯ ಹೊರಮೈಯನ್ನು ಗುಡಿಸಲಿನ ಆಕಾರದಲ್ಲಿ ಕಡೆದು, ಹುಲ್ಲುಮಾಡಿನ ಸೂರು ಹೊರಚಾಚಿದಂತೆ ಕಲ್ಲಿನಲ್ಲಿಯೇ ತೋರಿಸಿದ್ದಾರೆ. ಬೆಟ್ಟದ ಒಳಗೆ ಮಳೆಯಿಲ್ಲ, ಬಿಸಿಲಿಲ್ಲ. ಸೂರಿನ ಪ್ರಯೋಜನವೂ ಇಲ್ಲ. ಆದರೂ ಶಿಲ್ಪಿಯು ಸೂರನ್ನು ಬಿಡಲಿಲ್ಲ. ಏಕೆಂದರೆ ಅವನು ಮಾಡುತ್ತಿದ್ದುದು ಪೊಳ್ಳನ್ನಲ್ಲ, ಮನೆಯನ್ನು. ಮನೆಯೆಂದಮೇಲೆ ಅದಕ್ಕೆ ಮಾಡು ಬೇಕು. ಪಕ್ಕದಲ್ಲಿರುವ ಲೋಮಶ ಋಷಿಯ ಗುಹೆಯ ಬಾಗಿಲುವಾಡವೂ ಮರದ ತೊಲೆ, ಬಾಗಿದ ಅಡ್ಡೆ, ಜಾಲಂಧ್ರಗಳನ್ನು ಯಥಾವತ್ತಾಗಿ ಕಲ್ಲಿಗೆ ಇಳಿಸಿದ ಕೆಲಸ. ಮಹಾರಾಷ್ಟ್ರದ ಕಾರ್ಲೆಯ ಚೈತ್ಯದಲ್ಲಿ ಅನುಕರಣೆಯಷ್ಟಕ್ಕೇ ನಿಲ್ಲದೆ, ಕಲ್ಲಿನ ಕಮಾನಿನ ಒಳಗೆ ನಿಜವಾದ ಮರದ ಪಕ್ಕೆಗಳನ್ನೇ ಜೋಡಿಸಿದರು. ಅವು ಇಂದಿಗೂ ಅಲ್ಲಿವೆ. ಆ ಮರವು ಯಾವ ಭಾರವನ್ನೂ ಹೊರುತ್ತಿಲ್ಲ.

ಅಶೋಕನ ಮೊಮ್ಮಗನಾದ ದಶರಥನು ನೆರೆಯ ನಾಗಾರ್ಜುನಿ ಬೆಟ್ಟದಲ್ಲಿ ಇನ್ನು ಮೂರು ಕೋಣೆಗಳನ್ನು ಅದೇ ಆಜೀವಕರಿಗೆ ಕೊಟ್ಟನು. ಅವುಗಳಲ್ಲಿ ಗೋಪಿಕಾ ಎಂಬುದು ನಲವತ್ತು ಅಡಿಗೂ ಮಿಕ್ಕು ಉದ್ದವಾಗಿದೆ. ದಾನದ ಉದ್ದೇಶವನ್ನು ಹೇಳುವಾಗ ಆ ಶಾಸನಗಳು ‘ವಾಸನಿಷಿದಿ’ ಎಂಬ ಪದವನ್ನು ಉಪಯೋಗಿಸುತ್ತವೆ. ಮಳೆಗಾಲದಲ್ಲಿ ತಂಗುವ, ಕುಳಿತುಕೊಳ್ಳುವ ಎಡೆ ಎಂದು ಅದರ ತಾತ್ಪರ್ಯ. ಶ್ರವಣಬೆಳಗೊಳದ ಶಾಸನಗಳನ್ನು ಬಲ್ಲವರಿಗೆ ಈ ‘ನಿಷಿದಿ’ಯು ಅಪರಿಚಿತವಲ್ಲ, ಸಲ್ಲೇಖನ ವ್ರತದಿಂದ ಮುಡಿಪಿದವರಿಗೆ ನಿಲ್ಲಿಸಿದ ನಿಸಿದಿಗಲ್ಲುಗಳಲ್ಲಿ ಅದೇ ಮಾತು ಬೇರೆ ಅರ್ಥವನ್ನು ತಾಳಿ ಬದುಕಿದೆ. ಚಂದ್ರಸೂರ್ಯರಿರುವವರೆಗೂ ಈ ದಾನ ನಡೆಯಲೆಂದು ದಶರಥನು ಬರೆಸಿದುದನ್ನು ಓದುವ ಕನ್ನಡಿಗನಿಗೆ, ತನ್ನ ಊರಿನ ಕಲ್ಲುಗಳಲ್ಲಿ ಕಾಣುವ ‘ಆಚಂದ್ರಾರ್ಕ’ವು ನೆನಪಾಗದಿರದು.

ಚಂದ್ರಸೂರ್ಯರು ಇದ್ದಾರೆ, ದಾನ ನಡೆಯಲಿಲ್ಲ. ಬರಾಬರ್ ನಾಗಾರ್ಜುನಿಗಳ ಕೆಲವು ಶಾಸನಗಳಲ್ಲಿ ‘ಆಜೀವಕರಿಗೆ’ ಎಂಬ ಮಾತೊಂದನ್ನು ಮಾತ್ರ ಯಾರೋ ಉಳಿಯಿಂದ ಹೊಡೆದು ಅಳಿಸಲು ಯತ್ನಿಸಿದ್ದಾರೆ. ರಾಜನ ಹೆಸರನ್ನು ಮುಟ್ಟಿಲ್ಲ, ಕುಭಾವನ್ನು ಮುಟ್ಟಿಲ್ಲ. ಇರುವವರ ಹೆಸರನ್ನು ತೆಗೆದಿದ್ದಾರೆ. ಮುಂದೆ ಮೌಖರಿ ವಂಶದ ಅನಂತವರ್ಮನೆಂಬ ಅರಸನು ಇದೇ ಕೋಣೆಗಳಲ್ಲಿ ಕೃಷ್ಣನನ್ನೂ, ಶಿವಪಾರ್ವತಿಯರನ್ನೂ, ಕಾತ್ಯಾಯನಿಯನ್ನೂ ಪ್ರತಿಷ್ಠೆಮಾಡಿ ಸಂಸ್ಕೃತದಲ್ಲಿ ಶಾಸನಗಳನ್ನು ಹಾಕಿಸಿದನು. ಅವನ ಭಾಷೆಯಲ್ಲಿ ಇದು ‘ಗುಹೆ’. ಒಂದೇ ಕೋಣೆ ಮೊದಲು ಕುಭಾ, ಬಳಿಕ ಗುಹೆ. ಮೊದಲು ಭಿಕ್ಷುಗಳ ಬಿಡಾರ, ಬಳಿಕ ಬೆಟ್ಟದ ಮರೆಯಲ್ಲಿ ದೇವರು ನೆಲಸಿದ ಎಡೆ. ಆಜೀವಕರ ಸ್ವಂತ ಗ್ರಂಥವೊಂದೂ ಇಂದು ಉಳಿದಿಲ್ಲ. ಅವರ ವಿಷಯವಾಗಿ ತಿಳಿದಿರುವುದೆಲ್ಲವೂ ಬಹುಮಟ್ಟಿಗೆ ಬೌದ್ಧ ಜೈನ ಪ್ರತಿಪಕ್ಷಿಗಳ ಬಾಯಿಂದ. ಅವರಿಗೆ ಸೇರಿದ್ದೆಂದು ನಿಸ್ಸಂಶಯವಾಗಿ ಹೇಳಬಹುದಾದ ವಸ್ತುಗಳಲ್ಲಿ ಈ ಕೆಲವು ಕೋಣೆಗಳು ಮುಖ್ಯವಾದವು. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಬ್ರಾಹ್ಮೀಲಿಪಿಯನ್ನು ಓದಿ ದಾರಿ ತೆರೆಯದಿದ್ದರೆ, ಅರೆ ಅಳಿದ ಆ ಹೆಸರೂ ಬೆಳಕಿಗೆ ಬರುತ್ತಿರಲಿಲ್ಲ. ಸುದಾಮ, ಲೋಮಶರ ಪುರಾಣಕಥೆಗಳೇ ಅಲ್ಲಿಯ ಚರಿತ್ರೆಯಾಗಿ ನಿಲ್ಲುತ್ತಿದ್ದುವು. ಶಬ್ದಾರ್ಥದ ಚರ್ಚೆ ಪಂಡಿತರ ಕಾಲಕ್ಷೇಪವೆಂದು ತಿಳಿಯುವವರು ಈ ಉಳಿಯ ಗುರುತನ್ನು ನೋಡಬೇಕು.

ಪಶ್ಚಿಮ ಭಾರತದ ಸಹ್ಯಾದ್ರಿಗೆ ಬಂದರೆ ಮಾತು ಬೇರೆಯಾಗುತ್ತದೆ. ನಾಸಿಕ, ಕಾರ್ಲೆ, ಜುನ್ನರಗಳ ಪ್ರಾಕೃತ ಶಾಸನಗಳಲ್ಲಿ ಕಾಣುವುದು ‘ಲೇಣ’. ಗೌತಮೀಪುತ್ರ ಸಾತಕರ್ಣಿಯ ತಾಯಿಯಾದ ಬಲಶ್ರೀಯು ಮೊಮ್ಮಗನಾದ ಪುಳುಮಾವಿಯ ಆಳ್ವಿಕೆಯ ೧೯ನೆಯ ವರ್ಷದಲ್ಲಿ ನಾಸಿಕದಲ್ಲಿ ಭಿಕ್ಷುಗಳಿಗೆ ಕೊಟ್ಟುದೂ ಲೇಣವೇ. ದೂರದ ಕಳಿಂಗದಲ್ಲಿ, ಖಾರವೇಲನ ಪಟ್ಟದರಸಿಯು ಜೈನ ಶ್ರಮಣರಿಗಾಗಿ ಉದಯಗಿರಿಯಲ್ಲಿ ಮಾಡಿಸಿದುದೂ ಅದೇ ಹೆಸರಿನದು. ಈ ಲೇಣದ ಸಂಸ್ಕೃತರೂಪ ‘ಲಯನ’. ‘ಲೀ’ ಎಂಬ ಧಾತುವಿಗೆ ಅಂಟಿಕೊಳ್ಳು, ಒರಗು, ಸೇರಿಹೋಗು ಎಂಬ ಅರ್ಥಗಳಿವೆ. ಅದರಿಂದಲೇ ಲಯ, ವಿಲಯಗಳು ಬಂದಂತೆ ‘ಆಲಯ’ವೂ ಬಂದಿದೆ. ದೇವಾಲಯ, ವಿದ್ಯಾಲಯ, ಗ್ರಂಥಾಲಯಗಳೆಂದು ದಿನವೂ ಆಡುವ ಕನ್ನಡಿಗನು ತಿಳಿಯದೆಯೇ ಲೇಣದ ಒಡಹುಟ್ಟನ್ನು ಬಾಯಲ್ಲಿ ಇಟ್ಟುಕೊಂಡಿದ್ದಾನೆ. ಮರಾಠಿಯಲ್ಲಿಯಂತೂ ಮೂಲಶಬ್ದವೇ ಉಳಿದು, ಅಜಂತೆ ವೇರೂಳಗಳವು ಇಂದಿಗೂ ಲೇಣಿಗಳೇ.

ಪಾಳಿಯ ವಿನಯಪಿಟಕದಲ್ಲಿ ಬುದ್ಧನು ಭಿಕ್ಷುಗಳಿಗೆ ಐದು ಬಗೆಯ ಲೇಣಗಳನ್ನು ಅನುಮತಿಸಿದನೆಂದು ಇದೆ: ವಿಹಾರ, ಅಡ್ಢಯೋಗ, ಪಾಸಾದ, ಹಮ್ಮಿಯ, ಗುಹಾ. ಎಂದರೆ ಲೇಣವು ಸಾಮಾನ್ಯವಾಗಿ ತಂಗುಮನೆಗೆಲ್ಲ ಸಲ್ಲುವ ಹೆಸರು. ಗುಹೆ ಅದರ ಐದು ಬಗೆಗಳಲ್ಲಿ ಒಂದು, ಅದೂ ಕೊನೆಯದು. ಅದೇ ಪಿಟಕಗಳ ಬೇರೆಡೆಯಲ್ಲಿ ನಿರ್ವಾಣಕ್ಕೇ ಲೇಣವೆಂಬ ಹೆಸರು ಸಂದಿದೆ. ಅಲ್ಲಿ ಆಸರೆ, ಮರೆಹೊಗುವ ಎಡೆ ಎಂದು ಅರ್ಥ. ಹೊರಗಿನಿಂದ ನೋಡುವವನಿಗೆ ಬೆಟ್ಟದ ತೂತಾಗಿ ಕಾಣುವುದು ಒಳಗಿದ್ದವನಿಗೆ ಆಶ್ರಯ. ಗುಹೆಯಲ್ಲಿಯೂ ಮರೆಯಿದೆ, ಲೇಣದಲ್ಲಿಯೂ ಮರೆಯಿದೆ. ಒಂದು ಕಾಣದಂತೆ ಬಚ್ಚಿಡುವ ಮರೆ, ಇನ್ನೊಂದು ಮರೆಹೊಕ್ಕವನನ್ನು ಕಾಯುವ ಮರೆ. ಎರಡಕ್ಕೂ ಕನ್ನಡದಲ್ಲಿ ‘ಮರೆ’ ಎಂಬ ಒಂದೇ ಮಾತು ಸಲ್ಲುವುದು ವಿಚಾರಯೋಗ್ಯವಾಗಿದೆ.

ತಮಿಳುನಾಡಿನ ಬೆಟ್ಟಗಳಲ್ಲಿ ಜೈನ ಮುನಿಗಳಿಗಾಗಿ ಕಲ್ಲುಹಾಸುಗೆಗಳನ್ನು ಕಡೆದು ಒಪ್ಪಮಾಡಿದ ತಾಣಗಳುಂಟು. ಅಲ್ಲಿಯ ಪ್ರಾಚೀನ ಶಾಸನಗಳಲ್ಲಿ ಅಂಥ ತಾಣಕ್ಕೆ ‘ಪಳ್ಳಿ’ ಎಂಬ ಮಾತು ಬರುತ್ತದೆ. ಮಲಗುವ ಎಡೆ, ಮುನಿಗಳ ವಾಸ, ಗೊಲ್ಲರ ಹಟ್ಟಿ, ಊರು ಎಂಬೀ ಅರ್ಥಗಳೆಲ್ಲ ಆ ಶಬ್ದಕ್ಕಿವೆ; ಕನ್ನಡದ ‘ಹಳ್ಳಿ’ಯೂ ಅದೇ. ಏಳನೆಯ ಶತಮಾನದ ಆದಿಭಾಗದಲ್ಲಿ ಪಲ್ಲವ ಮಹೇಂದ್ರವರ್ಮನು ಮಂಡಗಪಟ್ಟಿನ ಬಂಡೆಯನ್ನು ಕೊರೆಯಿಸಿ, ಇಟ್ಟಿಗೆ, ಮರ, ಲೋಹ, ಗಾರೆಗಳಿಲ್ಲದೆ ಬ್ರಹ್ಮ ವಿಷ್ಣು ಮಹೇಶ್ವರರಿಗೆ ತಾನು ಕಟ್ಟಿಸಿದ ‘ಆಯತನ’ವೆಂದು ಹೆಮ್ಮೆಯಿಂದ ಬರೆಸಿದನು. ಆಯತನವೆಂದರೆ ನೆಲೆ, ಮನೆ. ಗುಹೆಯಲ್ಲಿ ಇಟ್ಟಿಗೆ ಗಾರೆಗಳಿಲ್ಲದಿರುವುದು ಯಾವ ಸೋಜಿಗವೂ ಅಲ್ಲ. ತನ್ನದು ಮನೆಯೆಂದು ತಿಳಿದವನಿಗೆ ಮಾತ್ರ ಅದು ಹೇಳತಕ್ಕ ಮಾತಾಗುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವ ಸಾಕ್ಷ್ಯವನ್ನೂ ಹೇಳದೆ ಬಿಡುವುದು ನ್ಯಾಯವಲ್ಲ. ಮಧ್ಯಪ್ರದೇಶದ ವಿದಿಶೆಯ ಬಳಿಯ ಉದಯಗಿರಿಯಲ್ಲಿ, ಇಮ್ಮಡಿ ಚಂದ್ರಗುಪ್ತನ ಸಂಧಿವಿಗ್ರಹಿಯಾಗಿದ್ದ ಪಾಟಲಿಪುತ್ರದ ವೀರಸೇನನು ಶಂಭುವಿಗಾಗಿ ‘ಗುಹೆ’ಯನ್ನು ಮಾಡಿಸಿದೆನೆಂದು ಸ್ಪಷ್ಟವಾಗಿ ಬರೆಸಿದ್ದಾನೆ. ಇದು ಕ್ರಿ.ಶ. ೪೦೦ರ ಸುಮಾರಿನ ಮಾತು. ಅಮರನ ಎಲ್ಲೆ ಇಲ್ಲಿ ಮುರಿದಿದೆ. ಮನುಷ್ಯನು ತೋಡಿದುದೂ ಗುಹೆಯಾಗಿದೆ. ಇದಕ್ಕೆ ಸಮಾಧಾನ ಹೇಳುವುದು ಕಷ್ಟವಲ್ಲ. ಭಿಕ್ಷುವಿಗೆ ಬೇಕಾದುದು ತಂಗುದಾಣ; ಗಿರಿವಾಸಿಯಾದ ಶಿವನಿಗೆ ಒಪ್ಪುವುದು ಗಿರಿಯ ಒಳಗು. ಕೋಣೆಯನ್ನು ದೇವರಿಗೆ ಮೀಸಲಿಡುವ ಕಾಲ ಬಂದಾಗ, ಬಚ್ಚಿಟ್ಟ ತತ್ತ್ವವೆಂಬ ಉಪನಿಷತ್ತಿನ ಹಳೆಯ ಅರ್ಥವು ಶಬ್ದದೊಳಕ್ಕೆ ಮರಳಿ ಬಂದಿರಬೇಕು. ಆದರೂ ಆ ಬಳಕೆ ಎಲ್ಲೆಡೆಯೂ ಒಮ್ಮೆಗೇ ಹಬ್ಬಲಿಲ್ಲವೆಂಬುದಕ್ಕೆ ಕನ್ನಡನಾಡೇ ಸಾಕ್ಷಿ.

ಬಾದಾಮಿಯ ಮೂರನೆಯ ‘ಗುಹೆ’ ಅಲ್ಲಿಯ ನಾಲ್ಕರಲ್ಲಿ ಅತ್ಯಂತ ದೊಡ್ಡದು. ಅನಂತನ ಮೇಲೆ ಕುಳಿತ ವಿಷ್ಣು, ವರಾಹ, ನರಸಿಂಹ, ತ್ರಿವಿಕ್ರಮ, ಹರಿಹರರ ಎತ್ತರವಾದ ಮೂರ್ತಿಗಳಿಂದಲೂ, ಸೂರಿನಲ್ಲಿ ಅಲ್ಪಸ್ವಲ್ಪ ಉಳಿದಿರುವ ವರ್ಣಚಿತ್ರಗಳಿಂದಲೂ ಅದು ಪ್ರಸಿದ್ಧವಾಗಿದೆ. ಅಲ್ಲಿಯ ಕಂಬದ ಮೇಲಿನ ಸಂಸ್ಕೃತ ಶಾಸನಕ್ಕೆ ಶಕವರ್ಷ ೫೦೦ರ ಕಾರ್ತಿಕ ಹುಣ್ಣಿಮೆಯ ತೇದಿಯಿದೆ, ಅದು ಕ್ರಿ.ಶ. ೫೭೮. ಕಾಲ ಇಷ್ಟು ಖಚಿತವಾಗಿ ತಿಳಿದಿರುವ ದೇಗುಲಗಳು ಆ ಶತಮಾನದಲ್ಲಿ ವಿರಳ. ಚಾಲುಕ್ಯ ಮಂಗಲೇಶನು ಅಣ್ಣನಾದ ಕೀರ್ತಿವರ್ಮನ ಕಾಲದಲ್ಲಿ ಇದನ್ನು ಮಾಡಿಸಿ, ನಾರಾಯಣಬಲಿಗೂ ದಿನವೂ ೧೬ ಮಂದಿ ಬ್ರಾಹ್ಮಣರ ಊಟಕ್ಕೂ, ಉಳಿದುದರಲ್ಲಿ ಪರಿವ್ರಾಜಕರ ಆಹಾರಕ್ಕೂ ಲಂಜೀಶ್ವರವೆಂಬ ಗ್ರಾಮವನ್ನು ಬಿಟ್ಟು, ಪುಣ್ಯಫಲವನ್ನು ಅಣ್ಣನಿಗೆ ಧಾರೆಯೆರೆದನು. ಆ ಕೆಲಸವನ್ನು ಹೊಗಳುವ ಶಾಸನದಲ್ಲಿ ಗುಹೆಯೆಂಬ ಶಬ್ದಕ್ಕೆ ಎಡೆಯಿಲ್ಲ. ಅಲ್ಲಿರುವುದು ‘ಲಯನ’, ಅದರ ಬೆನ್ನಿಗೇ ‘ಮಹಾವಿಷ್ಣುಗೃಹ’. ಲೇಣವೆಂಬ ಭಿಕ್ಷುಗಳ ಮಾತು ಸಂಸ್ಕೃತದ ಉಡಿಗೆಯನ್ನುಟ್ಟು ವಿಷ್ಣುವಿನ ಮನೆಗೆ ಬಂದಿದೆ.

ಅದೇ ಸ್ಥಳದಲ್ಲಿ ಮಂಗಲೇಶನ ಕನ್ನಡ ಶಾಸನವೂ ಇದೆ. ಕೆಲವೇ ಸಾಲುಗಳ ಈ ಬರಹ ಕನ್ನಡದ ಅತ್ಯಂತ ಹಳೆಯ ಶಾಸನಗಳ ಪಂಕ್ತಿಯಲ್ಲಿ ನಿಲ್ಲತಕ್ಕುದು. ಸಂಸ್ಕೃತದ ಲಂಜೀಶ್ವರವು ಇಲ್ಲಿ ಲಂಜಿಗೇಸರವಾಗಿದೆ. ದೇವರಿಗೆ ಹೂಮಾಲೆ ಕಟ್ಟುವ ಮಾಲೆಗಾರರಿಗೂ ಪಾಲು ಹೇಳಿದೆ. ಇದನ್ನು ಅಳಿದವನು ಏಳನೆಯ ನರಕದ ಹುಳುವಾಗುವನೆಂದು ಶಪಿಸಿದೆ. ಗ್ರಾಮವನ್ನು ಕೊಟ್ಟುದು ಯಾವುದಕ್ಕೆ ಎಂದರೆ, ಮಂಗಲೇಶನ ‘ಕಲ್ಮನೆ’ಗೆ. ಕಲ್ಮನೆ, ಕಲ್ಲಿನ ಮನೆ. ಲಯನವೆಂಬುದನ್ನು ಕನ್ನಡಿಸಬೇಕಾಗಿ ಬಂದಾಗ ಆ ಲೇಖಕನು ಗವಿಯೆನ್ನಲಿಲ್ಲ, ಗುಹೆಯೆನ್ನಲಿಲ್ಲ, ಮನೆಯೆಂದನು. ಕಲ್ಲನ್ನು ಪೇರಿಸಿ ಕಟ್ಟಿದ ಗುಡಿಗೂ ಕಲ್ಮನೆಯೆಂದು ಹೇಳಬಹುದಲ್ಲವೆ ಎಂದು ಕೇಳಬಹುದು. ಹೇಳಬಹುದು, ಮಾತಿನ ಸ್ವಾರಸ್ಯವೂ ಅಲ್ಲಿಯೇ ಇದೆ. ಕಟ್ಟಿದ ಮನೆಗೂ ಕಡೆದ ಮನೆಗೂ ಅವನು ಭೇದವೆಣಿಸಲಿಲ್ಲ. ಒಳಗೆ ನಿಂತು ನೋಡಿದರೆ ಭೇದವೂ ತೋರುವುದಿಲ್ಲ. ತೊಲೆಗಳು ಕಂಬದ ಮೇಲೆ ಕುಳಿತಂತಿವೆ, ಬೋದಿಗೆಗಳು ತೊಲೆಯನ್ನು ಆನಿಸಿಕೊಂಡಂತಿವೆ. ನಿಜವಾಗಿ ಅಲ್ಲಿ ಯಾವುದೂ ಯಾವುದರ ಮೇಲೂ ಕುಳಿತಿಲ್ಲ. ಎಲ್ಲವೂ ಒಂದೇ ಬಂಡೆ.

ಕಡೆಯುವ ಕ್ರಮವೇ ಕಟ್ಟುವ ಕ್ರಮಕ್ಕೆ ತಲೆಕೆಳಗು. ಕಟ್ಟುವವನು ತಳಹದಿಯಿಂದ ಮೇಲೇಳುತ್ತಾನೆ. ಕಡೆಯುವವನು ಸೂರಿನಿಂದ ಕೆಳಗಿಳಿಯುತ್ತಾನೆ. ಆಗ ಅವನಿಗೆ ಎತ್ತರದ ಅಟ್ಟಣೆ ಬೇಕಾಗದು. ಇನ್ನೂ ಒಡೆಯದ ಬಂಡೆಯೇ ಅವನ ಕಾಲಡಿಯ ನೆಲ. ಅಜಂತೆಯ ೨೪ನೆಯ ವಿಹಾರದಂತೆ ಅರ್ಧಕ್ಕೆ ನಿಂತ ಕೆಲಸಗಳಲ್ಲಿ ಈ ವಿಧಾನವನ್ನು ನೋಡಿ ತಿಳಿಯಬಹುದು. ಕಂಬವೊಂದು ತಪ್ಪಾಗಿ ಒಡೆದರೆ ಬೇರೆ ಕಂಬವನ್ನು ತರುವಂತಿಲ್ಲ. ಮೊದಲ ಉಳಿಪೆಟ್ಟು ಬೀಳುವ ಮುನ್ನವೇ ಕಂಬಗಳ ಸಾಲು, ಗರ್ಭಗೃಹದ ಅಳತೆ, ಮೂರ್ತಿಗಳು ನಿಲ್ಲುವ ಎಡೆ ಇವೆಲ್ಲವೂ ಮನಸ್ಸಿನಲ್ಲಿ ನಿಶ್ಚಿತವಾಗಿರಬೇಕು. ಇಂಥ ಕೆಲಸಕ್ಕೆ ಪೊಳ್ಳಿನ ಹೆಸರು ಸಾಲದು.

ಹಾಗಾದರೆ ಇವೆಲ್ಲವೂ ಗುಹೆಗಳಾದುದು ಯಾವಾಗ? ಬಹುಶಃ ಬರಿದಾದ ಮೇಲೆ. ಭಿಕ್ಷುಗಳು ಹೋದರು, ಪೂಜೆ ನಿಂತಿತು, ದತ್ತಿಯ ಹಳ್ಳಿಗಳು ಕೈಬಿಟ್ಟವು. ಬಾವಲಿಗಳೂ ದನಗಾಹಿಗಳೂ ಒಳಹೊಕ್ಕರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲ ಅಧಿಕಾರಿಗಳು ಬಂದು ಅಳತೆಮಾಡಿ, ತಮ್ಮ ಭಾಷೆಯ ಗುಹೆಯ ಹೆಸರಿನಿಂದ ಇವಕ್ಕೆ ಅಂಕೆಗಳನ್ನು ಹಾಕಿದರು. ಆ ಪಟ್ಟಿಯೇ ಕನ್ನಡಕ್ಕೂ ಇಳಿಯಿತು. ಅಂಕೆಯ ಅನುಕೂಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕೈಲಾಸನಾಥ ದೇವಾಲಯ, ಬೆಟ್ಟವನ್ನು ಮೇಲಿನಿಂದ ಕಡಿದು ಬಯಲಿನಲ್ಲಿ ಬಿಡಿಯಾಗಿ ನಿಲ್ಲಿಸಿದ ಆ ಶಿಖರಸಹಿತವಾದ ಗುಡಿ, ತಲೆಯ ಮೇಲೆ ತೆರೆದ ಆಕಾಶವಿದ್ದೂ ವೇರೂಳದ ‘೧೬ನೆಯ ಗುಹೆ’ಯೆನ್ನಿಸಿಕೊಂಡಿರುವುದನ್ನು ನೋಡಿದರೆ ನಗು ಬಾರದಿರದು. ಕ್ರಿ.ಶ. ೮೧೨ರ ಸುಮಾರಿನ, ಕರ್ಕರಾಜನ ತಾಮ್ರಶಾಸನವೊಂದು ಆ ಗುಡಿಯನ್ನು ಕಂಡು ದೇವತೆಗಳೇ ಬೆರಗಾದರೆಂದೂ, ಇದನ್ನು ತಾನು ಹೇಗೆ ಮಾಡಿದೆನೆಂದು ಶಿಲ್ಪಿಯೇ ಅಚ್ಚರಿಗೊಂಡನೆಂದೂ ವರ್ಣಿಸುತ್ತದೆ.

ಕನ್ನಡನಾಡಿನ ಹಳ್ಳಿಗರು ಮಾತ್ರ ಈ ವಿಷಯದಲ್ಲಿ ಪಟ್ಟಿಕಾರರಿಗಿಂತ ಹೆಚ್ಚು ವಿವೇಕವನ್ನು ತೋರಿದ್ದಾರೆ. ಬೆಟ್ಟದಲ್ಲಿ ತಾನಾಗಿ ಆದುದು ಅವರಿಗೆ ಗವಿ. ಬೆಂಗಳೂರಿನ ಗವಿಗಂಗಾಧರೇಶ್ವರ, ಕೊಪ್ಪಳದ ಗವಿಮಠಗಳ ಹೆಸರುಗಳು ಹೀಗೆ ಬಂದವು. ಆ ಗವಿಮಠದ ಬೆಟ್ಟದಲ್ಲಿಯೇ ೧೯೩೧ರಲ್ಲಿ ಅಶೋಕನ ಕಿರುಶಾಸನವು ಬೆಳಕಿಗೆ ಬಂದಿತು. ಮಗಧದಲ್ಲಿ ಕುಭಾಗಳನ್ನು ದಾನಮಾಡಿದ ಅರಸನ ಮಾತು ಕನ್ನಡನಾಡಿನಲ್ಲಿ ದೊರೆತುದು ಗವಿಯ ಹೆಸರಿನ ಸ್ಥಳದಲ್ಲಿ. ಬಾದಾಮಿ ಐಹೊಳೆಗಳ ಸೀಮೆಯಲ್ಲಿ ಬಂಡೆಯ ಆಸರೆಗೆ ‘ಫಡಿ’ ಎಂಬ ಇನ್ನೊಂದು ಮಾತಿದೆ. ಐಹೊಳೆಯ ರಾವಣಫಡಿಯ ಹೆಸರಿನಲ್ಲಿ ಅದು ಕಡೆದ ದೇಗುಲಕ್ಕೂ ಸಂದಿದೆ. ಬಾದಾಮಿಯ ಹತ್ತಿರದ ಸಿಡಿಲಫಡಿಯಾದರೋ ಪ್ರಾಕೃತಿಕವಾದ ಬಂಡೆಯ ಚಾಚು, ಅಲ್ಲಿ ಇತಿಹಾಸಪೂರ್ವ ಕಾಲದ ಜನರು ಬಣ್ಣದಲ್ಲಿ ಬರೆದ ಚಿತ್ರಗಳಿವೆ.

ಮಂಗಲೇಶನ ಕಲ್ಮನೆಗೂ ಅದರ ನೆರೆಯವಕ್ಕೂ ಊರಿನವರು ಇಟ್ಟಿರುವ ಹೆಸರು ಮೇಣಬಸದಿ. ನಾಲ್ಕನೆಯದು ಜೈನರದಾಗಿರುವುದರಿಂದ ಬಸದಿಯೆಂಬ ಮಾತು ಅಲ್ಲಿಂದ ಉಳಿದ ಮೂರಕ್ಕೂ ಹಬ್ಬಿರಬಹುದು. ಬಸದಿಯು ಸಂಸ್ಕೃತದ ‘ವಸತಿ’ಯ ತದ್ಭವ.